ಘಾತಕ್ಕೆ ಎರಡು ನಕ್ಷತ್ರ

ಮೂರು ದೇಶದ ಮೂವರು, ಆದರೆ ಕೈ ಒಂದೇ. ಶಿವಮೂರ್ತಪ್ಪ ಮೇಷ್ಟ್ರು ತಮ್ಮ ಪ್ರಮೇಯಕ್ಕೆ ಬಂದ ಉತ್ತರಗಳ ಕಾಗದಗಳನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದರು. ಜರ್ಮನಿಯವನು, ಕೆನಡಾದವನು, ಜಪಾನಿನವನು. ಮೂವರೂ ಘಾತ ಬರೆಯಬೇಕಾದಲ್ಲೆಲ್ಲ ಎರಡೆರಡು ನಕ್ಷತ್ರ ಹಾಕಿದ್ದರು. x ವರ್ಗ ಎನ್ನಲು x**2.

ಇಂಟರ್ನೆಟ್ಟಿನ ಗಣಿತ ವೇದಿಕೆಯಲ್ಲಿ ಎರಡನ್ನು ಚಿಕ್ಕದು ಮಾಡಿ ಮೇಲೆ ಕೂರಿಸಲು ಬರುವುದಿಲ್ಲ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಬೇಕು. ಆದರೆ ಅಲ್ಲಿನವರು ಸಾಮಾನ್ಯವಾಗಿ ಟೋಪಿಯಂಥ ಒಂದು ಗುರುತು ಹಾಕುತ್ತಾರೆಂದು ಧಾರವಾಡದ ಶಿಷ್ಯನೊಬ್ಬ ಬರೆದಿದ್ದ. ಒಬ್ಬ ನಕ್ಷತ್ರ ಹಾಕಿದರೆ ಅಭ್ಯಾಸ ಎನ್ನಬಹುದು. ಮೂವರೂ ಹಾಕಿದರೆ ಅದು ವೇಷ.

ವೇಷ ಯಾರದೆಂದು ಕೇಳಬೇಕೆ? ಉಚ್ಚಂಗಪ್ಪನದು. ಶಿಕಾರಿಪುರದ ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡಿದವನು, ಇವರ ಲೇಖನವನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡವನು, ಈಗ ಶಿರಾಳಕೊಪ್ಪದಲ್ಲಿ ಮನೆ ಮಾಡಿಕೊಂಡವನು. ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೇ? ಮೇಷ್ಟ್ರು ಅರ್ಧ ಆಯುಷ್ಯ ಸವೆಸಿ ಕಟ್ಟಿದ ಪ್ರಮೇಯದಲ್ಲಿ ಕೊನೆಯ ಪುಟವೊಂದೇ ಮನೆಯಲ್ಲಿ ಉಳಿದಿತ್ತು. ಅದೂ ಅವನ ಕೈಗೆ ಬಿದ್ದರೆ ಬಾಳೆಲ್ಲ ಸೊನ್ನೆ.

ಸುಳಿವು ಮನೆಯೊಳಗಿಂದಲೇ ಹೋಗುತ್ತಿದೆ ಎಂಬುದು ಇನ್ನೂ ಹೊಟ್ಟೆ ಉರಿಸುವ ಮಾತು. ಮಂಡಿನೋವಿನ ಮೇಷ್ಟ್ರು ತಮ್ಮೂರು ಉಳವಿ ಬಿಟ್ಟು ಕದಲುತ್ತಿರಲಿಲ್ಲ. ಶಿರಾಳಕೊಪ್ಪಕ್ಕೆ ಇಂಟರ್ನೆಟ್ ಬಂದಿದೆಯೆಂದು ತೊಂಬತ್ತೆಂಟರಲ್ಲಿ ಸುದ್ದಿ ತಂದವಳು ಹೆಂಡತಿ ರಾಜೇಶ್ವರಮ್ಮ. ಪ್ರತಿ ಸಂತೆಗೂ ಹೋಗಿ, ಮಹಾಂತೇಶನ ಕಂಪ್ಯೂಟರ್ ಸೆಂಟರಿನಲ್ಲಿ ಇವರ ಸಮೀಕರಣ ಹಾಕಿಸಿ, ಬಂದ ಉತ್ತರಗಳನ್ನು ಪ್ರಿಂಟ್ ತೆಗೆಸಿ ತರಕಾರಿಯ ಜೊತೆ ತರುವವಳೂ ಅವಳೇ. ಉಚ್ಚಂಗಪ್ಪನ ಹೆಂಡತಿ ನಿರ್ಮಲಮ್ಮ ಅವಳ ಗೆಳತಿ.

ಹೋದ ಸಂತೆಯ ಹಿಂದಿನ ದಿನ ರೊಟ್ಟಿ ತಟ್ಟುತ್ತಾ ಅವಳು ಅಂದಿದ್ದಳು: “ರೀ, ಆ ನಾಲ್ಕನೇ ಸಾಲು ಯಾಕೋ ಸರಿ ಕಾಣ್ತಿಲ್ಲ. ಛೇದ ಸೊನ್ನೆ ಆದ್ರೆ ಏನ್ ಮಾಡ್ತೀರಿ?”

“ರೊಟ್ಟಿ ಸೀದೀತು, ಅದನ್ನ ನೋಡ್ಕೋ.”

ಮರುದಿನ ಬಂದ ಜರ್ಮನಿಯವನ ಉತ್ತರದಲ್ಲೂ ಅದೇ ನಾಲ್ಕನೇ ಸಾಲು, ಅದೇ ಛೇದ. ಎಂಥ ಸೂಕ್ಷ್ಮ ಬುದ್ಧಿ ಎಂದು ಮೇಷ್ಟ್ರು ಆಗ ಕುಣಿದಾಡಿದ್ದರು. ಈಗ ಕುಣಿತ ಇಳಿದಿತ್ತು. ಮದುವೆಗಾಗಿ ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟವಳಿಗೆ ಅಂಥ ಮಾತು ತಾನಾಗಿ ಹೊಳೆಯುತ್ತದೆಯೇ? ಉಚ್ಚಂಗಪ್ಪನ ಜಗಲಿಯಲ್ಲಿ ಕಿವಿಗೆ ಬಿದ್ದದ್ದೇ ಇರಬೇಕು.

ಈ ಸಂತೆಗೆ ಅವರು ಬೇಕೆಂದೇ ತಪ್ಪು ತಪ್ಪಾಗಿ ಒಂದು ಪುಟ ಬರೆದು ಕೊಟ್ಟರು.

“ಕೊನೇದಾ?” ಎಂದಳು.

“ಕೊನೇದೇ. ಜೋಪಾನ.”

“ನನ್ನ ಕೈ ದಾಟಿ ಎಲ್ಲೂ ಹೋಗಲ್ಲ ಬಿಡ್ರಿ.”

ಮೇಷ್ಟ್ರಿಗೆ ಮೈ ಉರಿಯಿತು. ಕಳ್ಳನನ್ನು ಕೈಯಾರೆ ಹಿಡಿಯಲೆಂದು ಮುಂದಿನ ಬಸ್ಸಿಗೆ ತಾವೂ ಹೊರಟರು.

ಸೆಂಟರಿನಲ್ಲಿ ಮಹಾಂತೇಶ ಒಬ್ಬನೇ ಕಂಡ. ಪರದೆಯ ಆಚೆ ಯಾರೋ ಟೈಪ್ ಮಾಡುವ ಸದ್ದು.

“ಒಳಗೆ ಉಚ್ಚಂಗಪ್ಪ ಇದಾನೇನಪ್ಪ?” ಎಂದರು ಮೇಷ್ಟ್ರು.

“ಅವ್ರು ಈ ಮೆಟ್ಟಿಲು ಹತ್ತಿದ್ದೇ ಇಲ್ಲ ಸರ್.”

ಮೇಷ್ಟ್ರು ಕಾಗದ ಚಾಚಿದರು. “ಹಂಗಾರೆ ಈ ನಕ್ಷತ್ರ ಯಾರ್ದು?”

ಮಹಾಂತೇಶ ನಕ್ಕ. “ಅದಾ? ನಮ್ಮ ಕೀಬೋರ್ಡಲ್ಲಿ ಆರರ ಗುಂಡಿ ಸತ್ತೋಗಿದೆ. ಟೋಪಿ ಗುರುತು ಇರೋದು ಅದ್ರಲ್ಲೇ. ಬದಲಿಗೆ ನಕ್ಷತ್ರ ಹಾಕಿ ಅಂತ ನಾನೇ ಹೇಳ್ಕೊಟ್ಟಿದ್ದು.”

ಅಂದರೆ ಉತ್ತರಗಳು ಹುಟ್ಟಿದ್ದು ಇದೇ ಕೋಣೆಯಲ್ಲಿ. ಮೇಷ್ಟ್ರು ಕಾಗದವನ್ನು ಮೇಜಿಗೆ ಬಡಿದರು. “ಇದನ್ನ ಇಂಟರ್ನೆಟ್ಟಿಗೆ ಹಾಕಿದೋನು ಯಾರು, ಹೆಸರು ಹೇಳು.”

“ಇಂಟರ್ನೆಟ್ಟಾ? ಇಲ್ಲಿ ಬರೀ ಟೈಪಿಂಗು, ಪ್ರಿಂಟು. ನಮಗಿನ್ನೂ ಫೋನ್ ಲೈನೇ ಬಂದಿಲ್ಲ ಸರ್.”

ಟೈಪಿಂಗ್ ಸದ್ದು ನಿಂತಿತು. ಪರದೆಯ ಆಚೆಯಿಂದ ರಾಜೇಶ್ವರಮ್ಮನ ದನಿ ಬಂತು: “ರೀ, ಈ ಪುಟ ಪೂರ್ತಿ ತಪ್ಪು. ನಾನೇ ಹೇಳ್ಲಾ, ಇಲ್ಲಾ ಜರ್ಮನಿಯವನ ಕೈಲಿ ಹೇಳಿಸ್ಲಾ?”