ಎತ್ತೋ ಕುದುರೆಯೋ

ಬಂಡೆಯ ಮುಂದೆ ಬಂದು ನಿಂತ ಶಾಮೀದಸಾಬರು ಏದುಸಿರು ಇಳಿಯುವ ಮೊದಲೇ ಜಗಳ ತೆಗೆದರು.

"ಬಾಲ ನೋಡ್ ಮಾಸ್ತರ, ಬಾಲ. ಎತ್ತಿಗೆ ಇಷ್ಟು ದಪ್ಪ ಬಾಲ ಎಲ್ಲೆರೆ ಇರ್ತದೇನು? ಇದು ಕುದರಿ."

ಮಾನ್ವಿ ದಾಟಿ ಬಾಗಲವಾಡದ ಕಡೆ ಹೋಗುವಾಗ ಸಿಗುವ ಆ ಗುಡ್ಡದಲ್ಲಿ ಯಾವ ಕಾಲದವರೋ ಕೆಮ್ಮಣ್ಣಿನಲ್ಲಿ ಬರೆದ ಪ್ರಾಣಿಗೆ ತಲೆ ಇರಲಿಲ್ಲ. ಬಂಡೆ ಚಕ್ಕೆ ಎದ್ದು ಉದುರಿ, ತಲೆಯನ್ನೂ, ಕೊಂಬು ಇದ್ದಿದ್ದರೆ ಕೊಂಬನ್ನೂ ಒಯ್ದಿತ್ತು. ಬೆನ್ನ ಮೇಲೆ ಮಳೆನೀರು ಇಳಿದ ಕಪ್ಪು ಕಲೆ. ಅದರ ಅಡಿಯಲ್ಲಿ ಎತ್ತಿನ ಡುಬ್ಬ ಇದ್ದೇ ಇದೆಯೆಂದು ಹಂಪಣ್ಣ ಮಾಸ್ತರರ ವಾದ. ಎತ್ತಾದರೆ ಚಿತ್ರ ಬಹಳ ಹಳೆಯದು, ಕುದುರೆಯಾದರೆ ಸಾವಿರಾರು ವರ್ಷ ಈಚಿನದು. ಗುಡ್ಡದ ಉಳಿದ ಗೀಟುಗಳನ್ನೆಲ್ಲ ಜಿಂಕೆ, ಹುಲಿ, ಮನುಷ್ಯ ಎಂದು ವಿಂಗಡಿಸಿ ಮುಗಿಸಿದ್ದ ಗೆಳೆಯರಿಬ್ಬರು, ಇದೊಂದರ ಮುಂದೆ ಎಷ್ಟೋ ವರ್ಷಗಳ ಭಾನುವಾರಗಳನ್ನು ಸುರಿದಿದ್ದರು. ಎಪ್ಪತ್ತೆರಡರ ಬರಗಾಲದಲ್ಲೂ ರಾಯಚೂರಿನಲ್ಲಿ ಛತ್ರಿ ಅಂಗಡಿ ಮುಚ್ಚದ ಸಾಬರು ಒಂದು ಎತ್ತಿಗೆ ಸೋಲುವವರಲ್ಲ.

ಇಂಥ ಕಾಯಿಲೆಯಲ್ಲಿ ಇವತ್ತು ಬರುವುದೇ ಬೇಡವೆಂದು ಮಾಸ್ತರರು ಹೇಳಿ ನೋಡಿದ್ದರು. ಸಾಬರು ಬಾಡಿಗೆ ಜೀಪು ಹತ್ತಿ ಕುಳಿತೇಬಿಟ್ಟರು. ಆಗ ಅವರ ಹೆಂಡತಿ ಮಹಬೂಬೀ ಮಾಸ್ತರರನ್ನು ಅಂಗಳದ ಮೂಲೆಗೆ ಕರೆದಿದ್ದರು. "ಅಣ್ಣಾರ, ಮುಂದಿನ ರಂಜಾನ್ ಕಾಣೂದು ಕಷ್ಟ ಅಂತ ಹೈದರಾಬಾದಿನ ಡಾಕ್ಟರ್ ಅಂದಾರ. ಅವರಿಗೆ ನಾವು ಬರೇ ಹೊಟ್ಟಿ ಹುಣ್ಣು ಅಂತ ಹೇಳೀವಿ. ನಿಮ್ಮ ಬಾಯಾಗಿಂದ ಬೀಳಬಾರದು ನೋಡ್ರಿ." ಹಾಗೆಂದವರು ತಾವೂ ಜೀಪು ಹತ್ತಿ ಬಂದು, ಈಗ ಗುಡ್ಡದ ಬುಡದ ಹುಣಸೆ ಮರದಡಿ ಮೇಲಕ್ಕೇ ಕಣ್ಣಿಟ್ಟು ಕುಳಿತಿದ್ದರು.

ಮಾಸ್ತರರು ಬಾಲ ಬಿಟ್ಟು ಸಾಬರನ್ನೇ ನೋಡುತ್ತಿದ್ದರು. ಸಾಬರ ಅಂಗಿಯೊಳಗೆ ಇನ್ನೊಬ್ಬ ಸಾಬ ಹಿಡಿಯುವಷ್ಟು ಜಾಗವಾಗಿತ್ತು. ಬೆರಳು ಮಾತ್ರ ಇನ್ನೂ ಬಾಲವನ್ನೇ ತೋರಿಸುತ್ತಿತ್ತು.

"ಮಾತಾಡಲೇ. ಗಂಟಲದಾಗ ಏನ್ ಸಿಕ್ಕೊಂಡದ?"

"ನೋಡೀನಿ," ಎಂದರು ಮಾಸ್ತರರು. "ನೀ ಅನ್ನೂದು ಖರೇ ಅದ. ಕುದರಿನೇ ಇರಬೇಕು."

ಬೆರಳು ನಿಧಾನವಾಗಿ ಕೆಳಗಿಳಿಯಿತು. ಸಾಬರು ಬಂಡೆಯನ್ನು ಬಿಟ್ಟು ಗೆಳೆಯನ ಮುಖವನ್ನು ನೋಡತೊಡಗಿದರು.

"ಡಾಕ್ಟರ್ ಎಷ್ಟು ದಿನ ಅಂದಾರ?"

"ಯಾವ ಡಾಕ್ಟರ್? ಹೊಟ್ಟಿ ಹುಣ್ಣಿಗೆ ಯಾರರೆ ದಿನ..."

"ಮಾಸ್ತರ, ಧಾರವಾಡದ ಪ್ರೊಫೆಸರ್ ಬಂದು ಕುದರಿ ಅಂದಾಗ ಅವರಿಗೆ ಒಂದು ಕಪ್ ಚಾ ಸುದ್ದಾ ಕುಡಿಸಲಾರದ ಕಳಿಸಿದಾಂವ ನೀ. ನನಗ ಇವತ್ತ ಪುಕ್ಕಟ ಕುದರಿ ಕೊಡಾಕತ್ತೀಯಲ್ಲ!"

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ, ಚಿತ್ರಕ್ಕೆ ಹೇಳುವವರ ಹಾಗೆ ಅತ್ತ ತಿರುಗಿ, ರಂಜಾನಿನ ಮಾತು ಹೇಳಿದರು.

ಸಾಬರು ಬಂಡೆಗೆ ಒರಗಿ ಕುಳಿತರು. ದೂರದಲ್ಲಿ ಕಾಲುವೆ ನೀರಿನ ಭತ್ತ ಹಸಿರಾಗಿ ಹಬ್ಬಿತ್ತು.

"ಮಹಬೂಬೀಗೆ ಗೊತ್ತದೇನು?"

"ಆಕಿನೇ ಹೇಳಿದ್ದು. ನಿನಗ ಗೊತ್ತಾಗಬಾರದಂತ."

"ಹಂಗಾರ ನನಗ ಗೊತ್ತಾಗಿಲ್ಲ." ಸಾಬರು ಮಾಸ್ತರರ ಹೆಗಲು ಹಿಡಿದು ಎದ್ದರು. "ಎತ್ತು ಅನ್ನು."

"ಎತ್ತು."

"ಜೋರಾಗಿ ಅನ್ನಲೇ. ಕೆಳಗ ಆಕಿಗೆ ಕೇಳಬೇಕು."

"ಎತ್ತಲೇ! ನಿಮ್ಮಪ್ಪ ಬಂದು ಹೇಳಿದ್ರೂ ಎತ್ತು!" ಮಾಸ್ತರರ ದನಿ ಒಡೆದು ಗುಡ್ಡಕ್ಕೆಲ್ಲ ಕೇಳಿತು.

"ಕಣ್ಣಾಗ ಮಣ್ಣು ಬಿದ್ದದೇನ್ ನಿನಗ? ಕುದರಿ! ಕುದರಿ!"

ಹುಣಸೆ ಮರದಡಿ ಮಹಬೂಬೀ ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟರು. ಜಗಳ ನಡೆದಿದೆಯೆಂದರೆ ಮಾಸ್ತರರು ಮಾತು ಉಳಿಸಿಕೊಂಡಿದ್ದಾರೆ. ಎಷ್ಟೋ ದಿನಗಳ ಮೇಲೆ ನಗು ಬಂತು. "ಸಾಯೂತನಾ ಇವರಿಬ್ಬರಿಗೂ ಬುದ್ಧಿ..." ಎಂದವರು ಅಷ್ಟಕ್ಕೇ ತುಟಿ ಕಚ್ಚಿಕೊಂಡು, ರೊಟ್ಟಿಯ ಗಂಟು ಬಿಚ್ಚತೊಡಗಿದರು.