ಹೆಬ್ಬೆರಳಿನ ಗುಳಿ

ಕಲ್ಲು ಎರಡು ಹೋಳಾಯಿತು. ಯಲ್ಲೇಶ್ ಗರಗಸ ನಿಲ್ಲಿಸಿ, ಒಂದು ಹೋಳನ್ನು ತೊಳೆದು ಮಗಳನ್ನು ಕೂಗಿದ. ಇಷ್ಟು ದಿನ ಅವನು ಕೊಯ್ದ ಕಲ್ಲುಗಳೆಲ್ಲ ಅಂಚು ಒಡೆದು ಹಾಳಾಗಿದ್ದವು. ಇದೊಂದೇ ನೇರವಾಗಿ ಬಂದಿತ್ತು. ಒಳಗಿನ ಕೆಂಪು ಪಟ್ಟೆಗಳು ಹೊಳೆಯುತ್ತಿದ್ದವು.

“ಅಪ್ಪಗ ಕಲ್ಲು ಕೊಯ್ಯಾಕ ಬರಂಗಿಲ್ಲ ಅಂತಿದ್ದೆಲ್ಲ, ನೋಡೀಗ! ಇದರಾಗ ನಿನಗೊಂದು ಪದಕ ಮಾಡ್ತೀನಿ. ನಿಮ್ಮವ್ವನ ಕಲ್ಲು ನಿನ್ನ ಕೊರಳಾಗಿರ್ತೈತಿ.”

ಅನ್ನಪೂರ್ಣ ಪಟ್ಟೆಗಳನ್ನು ನೋಡಲಿಲ್ಲ. ಹೋಳನ್ನು ತಿರುವಿ ಹಿಂಬದಿಯನ್ನು ತಡಕಿದಳು. ತೀರಿಕೊಂಡ ಅವ್ವ ಹುಲಿಗೆಮ್ಮ ಸಂಡೂರಿನ ಗುಡ್ಡದಿಂದ ತಂದ ಕಲ್ಲದು. ಬೆಳ್ಳುಳ್ಳಿ ಜಜ್ಜುವಾಗ ಅವಳ ಹೆಬ್ಬೆರಳು ಅದರ ಸಣ್ಣ ಗುಳಿಯೊಂದರಲ್ಲಿ ಕೂರುತ್ತಿತ್ತು. ಕೂತು ಕೂತು ಗುಳಿ ನುಣುಪಾಗಿತ್ತು. ಅವ್ವ ಹೋದ ಮೇಲೆ ಅಲ್ಲಿ ಅನ್ನಪೂರ್ಣಳ ಬೆರಳು ಕೂರುತ್ತಿತ್ತು.

“ಅಪ್ಪಾ, ಅವ್ವನ ಗುಳಿ ಎಲ್ಲೈತಿ?”

ಕಲ್ಲು ಅಲುಗದೆ ಕೂರಲೆಂದು ಯಲ್ಲೇಶ್ ಆ ಬದಿಯನ್ನೇ ಕೆಳಗೆ ಮಾಡಿ ಬಿಗಿದಿದ್ದ. ಮೇಲೆ ಕೊಯ್ಯುವ ಗೆರೆ ಎಳೆಯುವಾಗ ಗುಳಿಯ ನೆನಪಾಗಲಿಲ್ಲ. ಈಗ ಎರಡೂ ಹೋಳುಗಳನ್ನು ಒತ್ತಿ ಜೋಡಿಸಿದ. ಗುಳಿ ಮೊದಲಿನಂತೆ ಕೂಡಲಿಲ್ಲ. ಬ್ಲೇಡಿನ ದಪ್ಪದಷ್ಟು ಕಲ್ಲು ನಡುವಿನಿಂದ ಹೋಗಿತ್ತು. ಮಗಳು ಅಲ್ಲಿ ಹೆಬ್ಬೆರಳು ಇಟ್ಟು ನೋಡಿದಳು. ಅಂಚು ತಾಗಿ ಬೆರಳು ಹಿಂದೆ ಬಂತು.

“ಇರ್ಲಿ ಬಿಡಪ್ಪಾ,” ಎಂದು ಅವಳು ಗರಗಸದ ಕೆಳಗಿನ ಟ್ರೇ ಎತ್ತಿಕೊಂಡಳು. ಕಲ್ಲಿನ ಪುಡಿ ಕದಡಿ ಅದರ ನೀರು ಕೆಂಪಾಗಿತ್ತು. ಅವಳು ಮೋರಿಯ ಕಡೆ ಬಗ್ಗಿದಳು.

“ಚೆಲ್ಲಬ್ಯಾಡ ಮಗಳ,” ಎಂದ ಯಲ್ಲೇಶ್. “ಉಳಿದದ್ದು ಅದರಾಗೈತಿ.”