ಪರವಾಗಿಲ್ಲ ಎಂದವಳು

"ಲಸಿಕೆ ಹಾಕಿಸಿಕೊಂಡ ಮರುವಾರ ಡಾಕ್ಟರ ಹತ್ರ ಹೋದಾಗ, ಪರವಾಗಿಲ್ಲ ಅಂತ ಯಾಕೆ ಹೇಳಿದ್ರಿ?" ಮೇಜಿನ ಮೇಲಿಟ್ಟ ಫೋನಿನಿಂದ ವಕೀಲೆಯ ದನಿ ಬಂತು.

ಆರ್ಡಿಸ್ ಬಲಭುಜಕ್ಕೆ ಐಸ್ ಚೀಲ ಒತ್ತಿಕೊಂಡು ಕೂತಿದ್ದಳು. ಆ ಕೈ ಮೇಲೇಳದೆ, ಹೆಂಗಸರ ಕೂದಲು ಕತ್ತರಿಸುವ ಅವಳ ಅಂಗಡಿ ಚಳಿಗಾಲದಿಂದಲೂ ಮುಚ್ಚಿತ್ತು. "ಹೇಗಿದೀರಿ ಅಂತ ಕೇಳಿದ್ರು. ಪರವಾಗಿಲ್ಲ ಅಂದೆ. ಇನ್ನೇನು ಹೇಳ್ತಾರೆ?" ಅಮೆರಿಕದ ಮಿನೆಸೋಟದ ಆ ಊರಲ್ಲಿ ಕಾಲು ಮುರಿದುಕೊಂಡವರೂ ಅಷ್ಟೇ ಹೇಳುತ್ತಿದ್ದರು.

"ಭುಜದ ನೋವು ಲಸಿಕೆ ಹಾಕಿದ ಎರಡು ದಿನದೊಳಗೇ ಶುರುವಾಯ್ತು ಅಂತ ತೋರಿಸಬೇಕು. ಇಲ್ಲದಿದ್ರೆ ಪರಿಹಾರ ಸಿಗೋದು ಕಷ್ಟ. ಆಗ ನಿಮ್ಮನ್ನ ನೋಡಿದವರು ಯಾರಾದ್ರೂ ಇದಾರಾ?"

ಅಷ್ಟರಲ್ಲಿ ಹಿತ್ತಲ ಬಾಗಿಲು ತಳ್ಳಿಕೊಂಡು ಕೋರಿನ್ ಒಳಗೆ ಬಂದಳು, ಕೈಯಲ್ಲಿ ಬಿಸಿ ಅಡುಗೆಯ ಪಾತ್ರೆ. ಹಳೆಯ ಗೆಳತಿ, ಆ ಲಸಿಕೆ ಚುಚ್ಚಿದ ನರ್ಸೂ ಅವಳೇ. ಗೆಳತಿಯ ಮೇಲೆ ದೂರು ಕೊಟ್ಟಂತಾಗುತ್ತದೆಂದು ಆರ್ಡಿಸ್ ಪರಿಹಾರ ಕೇಳುತ್ತಿರುವುದನ್ನು ಅವಳಿಂದ ಮುಚ್ಚಿಟ್ಟಿದ್ದಳು. ಕರೆ ನಿಲ್ಲಿಸಲು ಫೋನಿಗೆ ತಡಕಾಡಿದಳು.

"ನಾನು ನೋಡಿದೀನಿ." ಕೋರಿನ್ ಪಾತ್ರೆ ಇಟ್ಟು ಫೋನಿನತ್ತ ಬಾಗಿದಳು. "ಸೂಜಿ ಚುಚ್ಚಿದವಳೂ ನಾನೇ. ಭುಜದಲ್ಲಿ ಸ್ವಲ್ಪ ಮೇಲಕ್ಕೆ ಬಿತ್ತೇನೋ ಅಂತ ಅನುಮಾನ ಇತ್ತು, ಇವಳು ಬಾಯಿಬಿಟ್ರೆ ತಾನೆ? ಮಾರನೇ ದಿನ ಚರ್ಚಲ್ಲಿ ಎಡಗೈಲಿ ಕಾಫಿ ಬಗ್ಗಿಸೋಕೆ ಹೋಗಿ ಪಾದ್ರಿಗಳ ಪ್ಯಾಂಟಿನ ಮೇಲೆ ಚೆಲ್ಲಿದಳು. ಅವರೂ ಸುಟ್ಕೊಂಡು ಪರವಾಗಿಲ್ಲ ಅಂದ್ರು."

ವಕೀಲೆ ನಕ್ಕಳು. "ಇದನ್ನ ಪ್ರಮಾಣ ಮಾಡಿ ಹೇಳ್ತೀರಾ?"

"ಪಾದ್ರಿಗಳ ಕೈಲೂ ಹೇಳಿಸ್ತೀನಿ."

"ನಿನಗೆ ತೊಂದರೆ ಆಗುತ್ತೆ ಕಣೇ," ಆರ್ಡಿಸ್ ಮೆಲ್ಲಗೆ ಎಂದಳು.

"ಯಾರಿಗೂ ಆಗಲ್ಲ," ಎಂದಳು ವಕೀಲೆ. "ಪರಿಹಾರ ಕೊಡೋದು ಸರ್ಕಾರದ ನಿಧಿ. ಯಾರ ತಪ್ಪು ಅಂತ ಅಲ್ಲಿ ಕೇಳೋದೇ ಇಲ್ಲ. ಸಾಕ್ಷಿ ಸಿಕ್ಕಿತಲ್ಲ, ಇನ್ನು ನನಗೆ ಬಿಡಿ."

ಕರೆ ಮುಗಿದ ಮೇಲೆ ಕೋರಿನ್ ಎದುರು ಕೂತಳು. "ಈಗ ನನಗೆ ಹೇಳು. ಭುಜ ಹೇಗಿದೆ?"

ಹಳೆಯ ಉತ್ತರವೇ ನಾಲಿಗೆಯ ತುದಿಗೆ ಬಂತು. ಆರ್ಡಿಸ್ ಅದನ್ನು ನುಂಗಿಕೊಂಡು, ಮನೆಯೊಳಗೂ ತೆಗೆಯದ ಉಣ್ಣೆ ಟೋಪಿಯನ್ನು ಎಡಗೈಯಿಂದ ಕಳಚಿದಳು. ಊರಿನವರ ತಲೆಯನ್ನೆಲ್ಲ ಒಪ್ಪ ಮಾಡುತ್ತಿದ್ದವಳ ಕೂದಲು ಹಿಂಬದಿಯಲ್ಲೆಲ್ಲ ಗಂಟುಕಟ್ಟಿತ್ತು.

"ತುಂಬ ನೋಯುತ್ತೆ."

ಕೋರಿನ್ ಬಾಚಣಿಗೆ ತಂದು, ಗೆಳತಿಯ ಬೆನ್ನ ಹಿಂದೆ ನಿಂತು, ತುದಿಯಿಂದ ಸಿಕ್ಕು ಬಿಡಿಸತೊಡಗಿದಳು. ಆ ಬೆಚ್ಚನೆಯ ಕೈ ತಲೆಗೆ ತಾಗಿದ್ದೇ ಆರ್ಡಿಸಳ ಕಣ್ಣು ತಾನಾಗಿ ಮುಚ್ಚಿತು.

"ನೋವಾದ್ರೆ ಹೇಳು."

"ಹೇಳ್ತೀನಿ."